ನೆಹರು ಮೃಗಾಲಯ: ಜನರ ಕಣ್ಣಿಗೆ ಬೀಳದ ಕಟ್ಟಡಗಳೇ ಮುಖ್ಯ

ಹೈದರಾಬಾದ್: ಊರಿನಿಂದ ನೆಂಟರು ಬಂದರೆ ಇಲ್ಲಿನ ಕನ್ನಡ ಕುಟುಂಬಗಳು ಚಾರ್‌ಮಿನಾರ್, ಸಾಲಾರ್‌ಜಂಗ್ ಮ್ಯೂಸಿಯಂ ತೋರಿಸಿದ ಮೇಲೆ ಕರೆದೊಯ್ಯುವುದು ಬಹದ್ದೂರ್‌ಪುರದ ನೆಹರು ಮೃಗಾಲಯಕ್ಕೆ. 1963ರ ಅಕ್ಟೋಬರ್ 6ರಂದು ಸಾರ್ವಜನಿಕರಿಗೆ ತೆರೆದ, 380 ಎಕರೆಯ ಈ ಮೃಗಾಲಯ ಅರವತ್ತು ವರ್ಷ ದಾಟಿದೆ. ಇಷ್ಟು ವರ್ಷಗಳಲ್ಲಿ ಅದಕ್ಕೆ ಬಿದ್ದ ಪೆಟ್ಟುಗಳನ್ನು ನೋಡಿದರೆ, ಮೃಗಾಲಯದ ಯೋಗ್ಯತೆಯನ್ನು ಅಳೆಯುವ ಬಗೆಯೇ ಬದಲಾಗಬೇಕು ಎನಿಸುತ್ತದೆ.

ಇದಕ್ಕೂ ಮೊದಲು ಪ್ರಾಣಿಗಳಿದ್ದದ್ದು ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿ. ಬೀದರ್, ಗುಲ್ಬರ್ಗಾ, ರಾಯಚೂರು 1956ರವರೆಗೂ ಹೈದರಾಬಾದಿಗೆ ಸೇರಿದ್ದವಾದ್ದರಿಂದ ಆ ಕಡೆಯ ಹಿರಿಯರಿಗೆ ‘ಬಾಗ್-ಎ-ಆಮ್’ ಹೆಸರು ಹೊಸದಲ್ಲ. 1913ರಲ್ಲಿ ಪೂರ್ಣಗೊಂಡ ಟೌನ್‌ಹಾಲ್, ಆಮೇಲೆ ಮ್ಯೂಸಿಯಂ, ಜುಬಿಲಿ ಹಾಲ್ ಹೀಗೆ ಅಲ್ಲಿ ಭವ್ಯ ಕಟ್ಟಡಗಳು ಎದ್ದವು. ಟೌನ್‌ಹಾಲ್ ಮುಂದೆ ವಿಧಾನಸಭೆಯೂ ಆಯಿತು. ನಗರದ ನಡುವಿನ ಆ ಉದ್ಯಾನದಲ್ಲಿ ಪ್ರಾಣಿಗಳಿಗೆ ವಿಸ್ತಾರವಾದ ಜಾಗ ಸಿಗುವಂತಿರಲಿಲ್ಲ.

1959ರಲ್ಲಿ ಮೀರ್ ಆಲಂ ಕೆರೆಯ ಪಕ್ಕದಲ್ಲಿ ಹೊಸ ಮೃಗಾಲಯದ ಕೆಲಸ ಆರಂಭವಾಯಿತು. ಕಬ್ಬಿಣದ ಸರಳುಗಳ ಬದಲು ಕಂದಕ ತೋಡಿ ಪ್ರಾಣಿಗಳನ್ನು ಬಯಲಿನಲ್ಲಿ ಬಿಡುವುದು ಇಲ್ಲಿನ ಹೆಗ್ಗಳಿಕೆಯಾಯಿತು. 1974ರಲ್ಲಿ ಸಿಂಹ ಸಫಾರಿ ಬಂತು. 1892ರಲ್ಲಿ ಅರಮನೆಯ ತೋಟವಾಗಿ ಹುಟ್ಟಿ ಹಂತಹಂತವಾಗಿ ಬೆಳೆದ ಮೈಸೂರು ಮೃಗಾಲಯಕ್ಕೆ ಹೋಲಿಸಿದರೆ, ಇಲ್ಲಿ ಜಾಗ ಮೊದಲಿನಿಂದಲೂ ಧಾರಾಳ.

ಆದರೆ ಆ ಜಾಗದ ಪಕ್ಕದಲ್ಲೇ ಕೆರೆಯಿದೆ. 21 ಕಮಾನುಗಳ ಕಟ್ಟೆಯ ಮೀರ್ ಆಲಂ ಕೆರೆ ಒಂದು ಕಾಲಕ್ಕೆ ನಗರಕ್ಕೆ ಕುಡಿಯುವ ನೀರು ಕೊಟ್ಟಿತ್ತು. 1908ರ ಮೂಸಿ ಪ್ರವಾಹದ ನಂತರ ನಿಜಾಮ್ ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ನಿರ್ಮಾಣವಾದವು. ಮಳೆನೀರಿಗೆ ತಂಗಲು ಜಾಗ ಬೇಕು ಎಂಬುದು ಆ ಯೋಜನೆಯ ತಿರುಳು. ಆ ಪಾಠ ಇಂದಿಗೂ ಹಳತಾಗಿಲ್ಲ. 2020ರ ಅಕ್ಟೋಬರ್‌ನ ಭಾರಿ ಮಳೆಗೆ ಮೀರ್ ಆಲಂ ಕೆರೆ ಉಕ್ಕಿ ಸಫಾರಿ ಪ್ರದೇಶಕ್ಕೆ ನೀರು ನುಗ್ಗಿತು.

ಅದಕ್ಕಿಂತ ದೊಡ್ಡ ಆಘಾತ 2000ದ ಅಕ್ಟೋಬರ್‌ನದು. ‘ಸಖಿ’ ಎಂಬ ಎಳೆಯ ಹೆಣ್ಣುಹುಲಿಯನ್ನು ದುಷ್ಕರ್ಮಿಗಳು ರಾತ್ರೋರಾತ್ರಿ ಬೋನಿನೊಳಗೇ ಕೊಂದು ಚರ್ಮ ಸುಲಿದರು. ದೇಶವೇ ಬೆಚ್ಚಿಬಿದ್ದಿತು. ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲೇ ಸ್ಥಾಪನೆಯಾಗಿತ್ತು. ಕಾಗದದ ಮೇಲೆ ನಿಯಮಗಳೂ ಇದ್ದವು. ರಾತ್ರಿಯ ಕಾವಲು ಮಾತ್ರ ಸಾಲದಾಗಿತ್ತು.

2021ರ ಮೇ ತಿಂಗಳಲ್ಲಿ ಇಲ್ಲಿನ ಎಂಟು ಸಿಂಹಗಳಿಗೆ ಕೊರೊನಾ ಸೋಂಕು ದೃಢಪಟ್ಟಿತು. ದೇಶದ ಮೃಗಾಲಯಗಳಲ್ಲಿ ಇಂತಹ ಪ್ರಕರಣ ಅದೇ ಮೊದಲು. ಸೋಂಕಿತ ಪ್ರಾಣಿಗಳನ್ನು ಬೇರೆ ಇರಿಸಿ ಚಿಕಿತ್ಸೆ ನೀಡಲಾಯಿತು, ಅವು ಚೇತರಿಸಿಕೊಂಡವು.

ಒಂದು ಪ್ರಸಂಗ ಕಾವಲಿನದು, ಒಂದು ನೀರಿನದು, ಇನ್ನೊಂದು ರೋಗದ್ದು. ಮೂರೂ ಪರೀಕ್ಷಿಸಿದ್ದು ರಾತ್ರಿ ಕೊಠಡಿ, ಚರಂಡಿ, ಪ್ರಾಣಿ ಆಸ್ಪತ್ರೆಗಳನ್ನು. ಇವು ಯಾವ ಪ್ರವಾಸಿಯ ಫೋಟೊದಲ್ಲೂ ಕಾಣುವುದಿಲ್ಲ. ಮೃಗಾಲಯದ ಹಿರಿಮೆಯ ಕೆಲಸ ನಡೆದದ್ದೂ ಇಂತಹ ಮರೆಯಲ್ಲೇ. ಸಿಸಿಎಂಬಿ ವಿಜ್ಞಾನಿಗಳ ಜೊತೆ 2010ರಲ್ಲಿ ಇಲ್ಲಿ ಮೌಸ್ ಡೀರ್ ಎಂಬ ಪುಟ್ಟ ಪ್ರಾಣಿಯ ಸಂತಾನಾಭಿವೃದ್ಧಿ ಆರಂಭವಾಯಿತು. ಹೀಗೆ ಬೆಳೆದವುಗಳಲ್ಲಿ ಕೆಲವನ್ನು ಅಮ್ರಾಬಾದ್ ಅರಣ್ಯಕ್ಕೆ ಬಿಡಲಾಗಿದೆ.

ಆಟದ ರೈಲು, ಡೈನೋಸಾರ್ ಬೊಂಬೆಗಳು ಮಕ್ಕಳಿಗೆ ಇಷ್ಟ, ಇರಲಿ. ಆದರೆ ಹಣ ಮೊದಲು ಹೋಗಬೇಕಾದದ್ದು ನೀರು ಹರಿಯುವ ಕಾಲುವೆಗೆ, ಭದ್ರವಾದ ರಾತ್ರಿ ಕೊಠಡಿಗೆ, ಆಸ್ಪತ್ರೆಗೆ. ಭಾನುವಾರ ಟಿಕೆಟ್ ಕೊಂಡು ಒಳಹೋಗುವ ಪ್ರತಿಯೊಬ್ಬರಿಗೂ ಅದನ್ನು ಕೇಳುವ ಹಕ್ಕಿದೆ. ಇಲ್ಲೇ ನೆಲೆಸಿರುವ ಕನ್ನಡಿಗರೂ ಅದನ್ನು ಕೇಳಬೇಕು.