ಒಂದೇ ಹೆಸರು, ಎರಡು ತೂಕ

ತರೀಕೆರೆಯ ಅಡಕೆ, ಕಡೂರಿನ ಕೊಬ್ಬರಿ, ಅಜ್ಜಂಪುರದ ಎರೆಹೊಲಗಳ ಹತ್ತಿ, ಇವೆಲ್ಲವನ್ನೂ ಒಂದು ಕಾಲಕ್ಕೆ ಮಣದ ಲೆಕ್ಕದಲ್ಲಿ ತೂಗುತ್ತಿದ್ದರು. ಮಣಕ್ಕೆ ನಲವತ್ತು ಸೇರು ಎಂಬುದನ್ನು ಶಾಲೆಯ ಹುಡುಗನೂ ಬಲ್ಲವನಾಗಿದ್ದನು. ಆದರೆ ಹಳೆಯ ಮೈಸೂರಿನ ಪೇಟೆಯ ಕಚ್ಚಾ ಸೇರಿಗೆ 24 ತೊಲ. ರೈಲ್ವೆಯವರ ಸೇರಿಗೆ 80 ತೊಲ. ಪೇಟೆಯ ಮಣ ಸುಮಾರು 11 ಕಿಲೋಗ್ರಾಂ, ರೈಲ್ವೆಯ ಮಣ 37 ಕಿಲೋಗ್ರಾಂಗೂ ಮಿಗಿಲು! ಚೀಟಿಯಲ್ಲಿ ‘ಹತ್ತು ಮಣ’ ಎಂದಷ್ಟೇ ಬರೆದಿದ್ದರೆ, ಓದಿದವರಿಬ್ಬರಿಗೂ ಲೆಕ್ಕ ಸರಿಯಾಗಿಯೇ ಕಾಣುವುದು. ನಷ್ಟ ಮಾತ್ರ ಯಾರದೋ ಒಬ್ಬರ ಪಾಲಿಗೆ. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, ಕಿಲೋಗ್ರಾಂ ರೂಢಿಗೆ ಬಂದ ಮೇಲೆ ಈ ತೊಡಕು ಕಳೆಯಿತು.

ಕಳೆಯಿತೆಂದುಕೊಂಡ ಆ ತೊಡಕೇ ಈಗ ತಕ್ಕಡಿಯ ತಂತಿಯೊಳಗೆ ಬಂದು ಕುಳಿತಿರಬಹುದು. ಇಂದಿನ ಅನೇಕ ವಿದ್ಯುನ್ಮಾನ ತಕ್ಕಡಿಗಳು ತೂಕವನ್ನು ಸರಣಿ ತಂತಿಯ ಮೂಲಕ, ಒಂದರ ಹಿಂದೊಂದು ಬಿಟ್ಟಿನಂತೆ, ಕಂಪ್ಯೂಟರಿಗೆ ಕಳುಹುತ್ತವೆ. ಅದನ್ನು ಬರಮಾಡಿಕೊಳ್ಳುವ ಕ್ರಮವಿಧಿಗೆ ‘ಡ್ರೈವರ್’ ಎಂದು ಹೆಸರು. ಎರಡು ತುದಿಗಳ ವೇಗವೂ ಒಂದೇ ಆಗಿರತಕ್ಕದ್ದು. ಸಾಮಾನ್ಯವಾಗಿ ಅದು ಸೆಕೆಂಡಿಗೆ 9600 ಬಿಟ್, ಎಂದರೆ ಸುಮಾರು 960 ಅಕ್ಷರ. ಈ ವೇಗಕ್ಕೆ ಕ್ರಮವಿಧಿಯಲ್ಲಿ ‘ಬಿ9600’ ಎಂಬ ಹೆಸರುಂಟು. ಅದರ ಬೆಲೆಯನ್ನು ಬೇರೊಂದು ಕಡತದಲ್ಲಿ ಬರೆದಿಟ್ಟಿರುತ್ತಾರೆ. ಬಿಎಸ್‌ಡಿ ವಂಶದ ವ್ಯವಸ್ಥೆಗಳಲ್ಲಿ ಆ ಬೆಲೆ 9600. ಲಿನಕ್ಸ್ ಕರ್ನಲ್ಲಿನ ಕಡತದಲ್ಲಿ 13! ಅದು ವೇಗವಲ್ಲ, ವೇಗಗಳ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆಯಷ್ಟೆ. ಎರಡೂ ತಮ್ಮ ತಮ್ಮ ಮನೆಯಲ್ಲಿ ಸರಿಯೇ. ಹೆಸರನ್ನೇ ಬಳಸಿದವನಿಗೆ ಭಯವಿಲ್ಲ. 13ನ್ನು ಕೈಯಲ್ಲಿ ಹಿಡಿದು ಬಿಎಸ್‌ಡಿಯ ಮನೆಗೆ ಹೋದವನು ಮಾತ್ರ ಸೆಕೆಂಡಿಗೆ ಹದಿಮೂರೇ ಬಿಟ್ ಬೇಡಿದಂತಾಗುತ್ತದೆ.

ಇದಕ್ಕಿಂತ ಕಠಿಣವಾದ ಸಂಗತಿ, ಒಂದೇ ಡ್ರೈವರಿನ ಎರಡು ಕಡತಗಳು ಒಂದೇ ಹೆಸರಿಗೆ ಎರಡು ಬೆಲೆ ಕೊಡುವುದು. ಎರಡು ಬೆಲೆಗಳೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಕಂಪೈಲರ್ ಎಚ್ಚರಿಸೀತು. ಬೇರೆ ಬೇರೆ ಭಾಗಗಳು ಬೇರೆ ಬೇರೆ ಕಡತವನ್ನು ನೆಚ್ಚಿದ್ದರೆ ಅದು ಚಕಾರವೆತ್ತದು. ಅನುವಾದ ಮುಗಿದ ಮೇಲೆ ಹೆಸರು ಅಳಿದು ಅಂಕಿ ಮಾತ್ರ ಉಳಿಯುತ್ತದೆ. ಹಳೆಯ ಚೀಟಿಯಲ್ಲಾದರೋ ಹೆಸರು ಉಳಿದು ತೊಲ ಅಳಿದಿತ್ತು. ಪರದೆಯ ಮೇಲೆ ಅಡಕೆಯ ತೂಕವಿರಬೇಕಾದ ಕಡೆ ಅರ್ಥವಿಲ್ಲದ ಅಕ್ಷರಗಳು ಸಾಲುಗಟ್ಟಿದಾಗ, ಜನ ಮೊದಲು ಬಯ್ಯುವುದು ತಂತಿಯನ್ನು, ಆಮೇಲೆ ತಕ್ಕಡಿಯನ್ನು. ದೋಷ ಹುಡುಕುವವನು ಡ್ರೈವರಿನ ಒಂದೊಂದು ಭಾಗವನ್ನೇ ಎಷ್ಟು ಸಲ ಓದಿದರೂ ತಪ್ಪು ಕಾಣದು. ಎರಡು ಕಡತಗಳನ್ನೂ ಪಕ್ಕಪಕ್ಕದಲ್ಲಿರಿಸಿ, ಒಂದು ಬೆಲೆಯನ್ನು ಹೊಡೆದುಹಾಕಿ, ಎಲ್ಲ ಭಾಗಗಳೂ ಉಳಿದೊಂದರಿಂದಲೇ ಎರವಲು ಪಡೆಯುವಂತೆ ತಿದ್ದಬೇಕು.