ಹಾಜರಿ ಲೆಕ್ಕ ಹಾಕ್ತಾರೆ, ಪಾಠ ನೋಡೋರು ಯಾರು?

ಮಧುಗಿರಿಯಾಗಲಿ ಪಾವಗಡವಾಗಲಿ, ಸರ್ಕಾರಿ ಆಸ್ಪತ್ರೆಗೆ ಹೋದರೆ ನಾವು ಕೇಳೋದು ಒಂದೇ: ಡಾಕ್ಟ್ರು ಇದ್ದಾರಾ? ಆ ಡಾಕ್ಟರಿಗೆ, ಇಂಜೆಕ್ಷನ್ ಕೊಡುವ ನರ್ಸಿಗೆ ಕಾಲೇಜಿನಲ್ಲಿ ಪಾಠ ಹೇಗೆ ನಡೆದಿತ್ತು ಅಂತ ಯಾರೂ ಕೇಳಲ್ಲ.

2025ರ ಜುಲೈ ಆರಂಭದ ಸುದ್ದಿ ನೆನಪಿರಬಹುದು. ಛತ್ತೀಸಗಢದ ಖಾಸಗಿ ಮೆಡಿಕಲ್ ಕಾಲೇಜೊಂದಕ್ಕೆ ಅನುಕೂಲಕರ ವರದಿ ಕೊಡಲು 55 ಲಕ್ಷ ರೂ. ಲಂಚ ಪಡೆದ ಆರೋಪದ ಮೇಲೆ ಸಿಬಿಐ ಮೂವರು ವೈದ್ಯರು ಸೇರಿ ಆರು ಜನರನ್ನು ಬಂಧಿಸಿತು. ಬಲೆ ಬೀಸಿದ್ದು ನಮ್ಮ ಬೆಂಗಳೂರಿನಲ್ಲೇ. ಇಂಥ ತಪಾಸಣೆಗೆ ಹೋಗುವವರು ಬೇರೆ ಕಾಲೇಜಿನ ಪ್ರಾಧ್ಯಾಪಕರು. ಅಂದರೆ ಮೇಷ್ಟ್ರನ್ನು ಮೇಷ್ಟ್ರೇ ನೋಡುವ ಪದ್ಧತಿ.

ಆದರೆ ಅವರು ನೋಡೋದು ಏನನ್ನು? ಹಾಸಿಗೆ ಎಷ್ಟು, ರೋಗಿಗಳೆಷ್ಟು, ಬೋಧಕರೆಷ್ಟು ಅನ್ನುವುದನ್ನೇ ಮುಖ್ಯವಾಗಿ. ಲೆಕ್ಕಕ್ಕೆ ಮಾತ್ರ ಇರುವ ಬೋಧಕರ ಕಾಟ ತಡೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2025ರ ಮೇ 1ರಿಂದ ಆಧಾರ್ ಮುಖ ಗುರುತಿನ ಹಾಜರಿ ತಂದಿತು. ಒಳ್ಳೆಯದೇ. ಆದರೆ ನಮ್ಮ ಸಿರಾ ಸಂತೆಯ ವ್ಯಾಪಾರಿಗೆ ಗೊತ್ತು: ತಕ್ಕಡಿಗೆ ಸೀಲ್ ಬಿದ್ದರೆ ತೂಕ ಸರಿ ಅಂತಷ್ಟೇ, ಕಡ್ಲೆಕಾಯಿ ಜೊಳ್ಳೋ ಗಟ್ಟಿಯೋ ತಕ್ಕಡಿ ಹೇಳಲ್ಲ. ನರ್ಸಿಂಗ್ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿ.ವಿ. ಕಳಿಸುವ ತಪಾಸಣಾ ಸಮಿತಿಗಳಿಗೂ ಈ ಮಾತು ಅನ್ವಯ.

ಪಾಠವನ್ನೇ ನೋಡುವ ದಾರಿ ಇಲ್ಲದಿಲ್ಲ. ಮೆಡಿಕಲ್ ಬೋಧಕರಿಗೆ ಆಯೋಗದ ಮೂಲ ತರಬೇತಿ ಇದೆ. ಅದರಲ್ಲಿ ಒಬ್ಬರು ಕೆಲವೇ ನಿಮಿಷ ಪಾಠ ಮಾಡಬೇಕು, ಉಳಿದ ಬೋಧಕರು ಕೂತು ನೋಡಿ ಎಲ್ಲಿ ಚೆನ್ನಾಗಿತ್ತು, ಎಲ್ಲಿ ಎಡವಿದರು ಅಂತ ಹೇಳಬೇಕು. ಹಿರಿಯ ಪ್ರಾಧ್ಯಾಪಕರಿಗೂ ಬೆವರು ಬರುವ ಘಳಿಗೆ ಅದು! ಇದನ್ನೇ ವಾರ್ಡಿನಲ್ಲಿ, ರೋಗಿಯ ಮಂಚದ ಪಕ್ಕದ ಪಾಠದಲ್ಲಿ ವರ್ಷಕ್ಕೆರಡು ಸಲ ಮಾಡಿದರೆ ಖರ್ಚೇನೂ ಇಲ್ಲ. ಬ್ರಿಟನ್, ಆಸ್ಟ್ರೇಲಿಯಾದ ಕಾಲೇಜುಗಳಲ್ಲಿ ಇದು ಹೊಸದಲ್ಲ.

ಅಪಾಯವೂ ಇದೆ. ಒಂದೇ ಕ್ಯಾಂಟೀನಲ್ಲಿ ಕಾಫಿ ಕುಡಿಯೋರು 'ನಾನು ನಿನ್ನ ಹೊಗಳ್ತೀನಿ, ನೀನು ನನ್ನ ಹೊಗಳು' ಅನ್ನೋ ಮಟ್ಟಕ್ಕೆ ಇಳಿಯಬಹುದು. ಬಡ್ತಿಗೆ ಗಂಟು ಹಾಕಿದರಂತೂ ಅದು ಖಂಡಿತ. ಹಾಗಾಗಿ ಸಹೋದ್ಯೋಗಿ ಹೇಳಿದ್ದು ಪಾಠ ಮಾಡಿದವರ ಕೈಗೆ ಮಾತ್ರ ಹೋಗಬೇಕು. ಇಂಥ ವೀಕ್ಷಣೆ ನಡೆಯಿತೋ ಇಲ್ಲವೋ ಅನ್ನುವುದನ್ನು ಮಾತ್ರ ಕಾಲೇಜು ಬಹಿರಂಗಪಡಿಸಲಿ.

ತುಮಕೂರಿನ ಎರಡು ಖಾಸಗಿ ಮೆಡಿಕಲ್ ಕಾಲೇಜಿಗೋ, ಹತ್ತಿರದ ನರ್ಸಿಂಗ್ ಕಾಲೇಜಿಗೋ ಮಕ್ಕಳನ್ನು ಸೇರಿಸುವ ಕೊರಟಗೆರೆಯ ಅಪ್ಪ ಅಮ್ಮಂದಿರು ಫೀಸು, ಹಾಸ್ಟೆಲ್ ಕೇಳಿದ ಮೇಲೆ ಇದೊಂದನ್ನೂ ಕೇಳಿ ನೋಡಲಿ: ನಿಮ್ಮಲ್ಲಿ ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡ್ತಾರಾ?