ಅವರೆ ಮೇಳಕ್ಕೆ ಜಾತ್ರೆ ಜನ, ಅಕ್ಕಡಿ ಸಾಲಿಗೆ ಯಾರಿದ್ದಾರೆ?

ಲಾಲ್‌ಬಾಗಿನ ಸಿದ್ದಾಪುರ ಗೇಟಿನಿಂದ ವಿ.ವಿ.ಪುರಂ ಅಷ್ಟೇನೂ ದೂರವಿಲ್ಲ. ಜನವರಿ ಬಂತೆಂದರೆ ಆ ಕಡೆ ಅವರೆ ಮೇಳ. ಅವರೆ ದೋಸೆ, ಹಿತಕಿದ ಬೇಳೆ ಸಾರು, ಅವರೆ ಜಾಮೂನು ಕೂಡ. ಸಿದ್ದಾಪುರದಲ್ಲಿ ಉಳಿದುಕೊಂಡಾಗ ನಾವೂ ಹೋಗಿ ತಿಂದಿದ್ದೇವೆ, ಸುಳ್ಳು ಯಾಕೆ. ಆದರೆ ನಮ್ಮೂರ ರಾಗಿ ಹೊಲದಲ್ಲಿ ಆ ಅವರೆ ಸಾಲು ಎಲ್ಲಿ ಹೋಯಿತು?

ಹಿಂದೆ ರಾಗಿ ಒಂದನ್ನೇ ಯಾರೂ ಬಿತ್ತುತ್ತಿರಲಿಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಬದುವಿಗೆ ಹರಳು. ಅದೇ ಅಕ್ಕಡಿ ಸಾಲು. ಮಳೆ ಕೈಕೊಟ್ಟು ರಾಗಿ ಒಣಗಿದರೂ ಆಳಕ್ಕೆ ಬೇರಿಳಿಸುವ ತೊಗರಿ ತಡೆದುಕೊಳ್ಳುತ್ತಿತ್ತು. ಅವರೆಗೆ ಚಳಿಗಾಲದ ಇಬ್ಬನಿಯೇ ಸಾಕಾಗುತ್ತಿತ್ತು. ಮುದ್ದೆಯೂ ಮನೆಯದೇ, ಸಾರಿನ ಕಾಳೂ ಮನೆಯದೇ, ಚಟ್ನಿಪುಡಿಗೆ ಹುಚ್ಚೆಳ್ಳೂ ಮನೆಯದೇ. ಈಗ ರಾಗಿ ಮಾರಿ ಅಂಗಡಿಯಲ್ಲಿ ಬೇಳೆ ತರುತ್ತೇವೆ. ಬೇಳೆ ರೇಟು ಏರಿದ ವಾರ ಸಾರು ನೀರಾಗುತ್ತದೆ, ಕೊನೆಗೆ ಉಣ್ಣುವ ಅವ್ವನ ತಟ್ಟೆಗೆ ಬರೀ ತಿಳಿ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ! ವೇದಿಕೆ ಮೇಲಿಂದ ನಮಗೆ ಉಪದೇಶ: 'ಹವಾಮಾನ ಬದಲಾಗಿದೆ, ಬಹುಬೆಳೆ ಬೆಳೆಯಿರಿ.' ಸ್ವಾಮಿ, ಬಹುಬೆಳೆ ನಮಗೆ ಹೇಳಿಕೊಡಬೇಕಾ? ಬಿಡಿಸಿದ್ದು ಯಾರು ಅನ್ನೋದನ್ನ ಮೊದಲು ಮಾತಾಡೋಣ.

ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಳ್ಳೆಯದೇ. ಅವರೆ? ಕೇಂದ್ರ ಬೆಂಬಲ ಬೆಲೆ ಕೊಡುವ 22 ಬೆಳೆಗಳ ಪಟ್ಟಿಯಲ್ಲೇ ಇಲ್ಲ. ಒಂದು ಬೆಳೆಗೆ ಖಾತ್ರಿ, ಪಕ್ಕದ ಸಾಲಿಗೆ ಏನೂ ಇಲ್ಲ ಅಂದರೆ ರೈತ ಯಾವುದನ್ನು ಬಿತ್ತುತ್ತಾನೆ?

ಕೂಲಿಯಾಳು ಸಿಗಲ್ಲ ಅನ್ನೋದೂ ನಿಜ. ಅಕ್ಕಡಿ ಇದ್ದರೆ ಹೊಲಕ್ಕೆ ಕಟಾವು ಯಂತ್ರ ಇಳಿಸೋಕಾಗಲ್ಲ. ರಾಗಿ ಹೊಲದ ಕಳೆಗೆ ಔಷಧಿ ಹೊಡೆದರೆ ಅವರೆಯೂ ಸಾಯುತ್ತದೆ. ಹಾಗಾಗಿ ರೈತರನ್ನು ಬೈದು ಪ್ರಯೋಜನವಿಲ್ಲ. ಬೈಯೋದಾದರೆ ನಮ್ಮಂಥ ವರದಿಗಾರರನ್ನೂ ಸೇರಿಸಿ ಬೈಯಿರಿ. ಟೊಮೆಟೊ ರೇಟು ಹೆಚ್ಚಾದರೆ ಸುದ್ದಿ ಕಳಿಸುವ ನಾವು, ಅಕ್ಕಡಿ ಸಾಲು ಮಾಯವಾದಾಗ ಒಂದು ಕಾಲಂ ಕೂಡ ಬರೆಯಲಿಲ್ಲ.

ನಾವು ಕೇಳುವುದು ಇಷ್ಟೇ: ರಾಗಿ ಖರೀದಿ ಕೇಂದ್ರದಲ್ಲೇ ಅವರೆ, ಹುಚ್ಚೆಳ್ಳನ್ನೂ ತೂಗಿಸಿಕೊಳ್ಳಿ. ಆ ಕಾಳನ್ನು ಆಯಾ ತಾಲ್ಲೂಕಿನ ಅಂಗನವಾಡಿ, ಹಾಸ್ಟೆಲ್ ಅಡುಗೆಮನೆಗೆ ಕೊಡಿ. ಅಕ್ಕಡಿ ಇಟ್ಟವರಿಗೆ ಕಳೆ ಕೀಳಿಸುವ ಕೂಲಿಯನ್ನು ಎಕರೆ ಲೆಕ್ಕದಲ್ಲಿ ಕೊಡಿ. ಬಿತ್ತನೆಗೆ ಮುಂಚೆಯೇ ಹೇಳಿ, ಬೆಳೆ ಒಣಗಿದ ಮೇಲಲ್ಲ.